ಬರೆದಾಯಿತೆಂಬ ಮಾತು

ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಯಂತ್ರದ ವಿಷಯವಾಗಿ ಬರೆಯಹೊರಟರೆ ಸಹಪಾಠಿಗಳು ನಕ್ಕಾರು. ವಿಷಯ ಬಲ್ಲ ಅಧ್ಯಾಪಕರು ಹುಬ್ಬೇರಿಸಿಯಾರು. ಆದರೂ ಬರೆಯಬೇಕಾಗಿದೆ. ಕಳೆದ ವರ್ಷ ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಆದ ಒಂದು ನಷ್ಟಕ್ಕೆ ನಾನೇ ಕಾರಣನಾದೆ. ಈಗ ಅದೇ ಕೊಠಡಿಯ ಸರ್ವರಿಗೆ ಹೊಸ ಸಾಧನವೊಂದನ್ನು ಕೊಳ್ಳುವ ಮಾತು ನಡೆದಿದೆ. ಹಳೆಯ ತಪ್ಪು ಹೊಸ ವೇಷದಲ್ಲಿ ಮರಳಿ ಬರಬಾರದೆಂಬುದೊಂದೇ ಈ ಬರಹದ ಉದ್ದೇಶ.

ನಡೆದದ್ದು ಇಷ್ಟು. ನಮ್ಮ ಕೊಠಡಿಯ ಮೂವತ್ತು ಕಂಪ್ಯೂಟರುಗಳಲ್ಲಿ ವಿದ್ಯಾರ್ಥಿಗಳ ಬರಹ ನಿಲ್ಲುವುದಿಲ್ಲ. ಎಲ್ಲವೂ ತಂತಿಯ ಮೂಲಕ ಮೂಲೆಯಲ್ಲಿರುವ ಸರ್ವರಿಗೆ ಹೋಗಿ ಅದರ ತಿರುಗುವ ಡಿಸ್ಕುಗಳಲ್ಲಿ ಸೇರುತ್ತದೆ. ಪಿರಿಯಡ್ಡಿನ ಕೊನೆಗೆ ಎಲ್ಲರೂ ಒಮ್ಮೆಗೇ ‘ಉಳಿಸು’ ಎಂದರೆ ಸರ್ವರು ತಡವರಿಸುತ್ತಿತ್ತು. ಅದರ ಉಸ್ತುವಾರಿಯಲ್ಲಿ ಅಧ್ಯಾಪಕರಿಗೆ ನೆರವಾಗುತ್ತಿದ್ದವನು ನಾನು. ಎಲ್ಲಿಯೋ ಓದಿದ ಉಪಾಯವೊಂದನ್ನು ಪ್ರಯೋಗಿಸಿದೆ. ‘ಬರೆದು ಮುಗಿದ ಮೇಲೆಯೇ ಆಯಿತೆಂದು ಹೇಳು’ ಎಂಬ ನಿಯಮವನ್ನು ಸರ್ವರಿನಿಂದ ತೆಗೆದುಹಾಕಿದೆ. ಅಂದಿನಿಂದ ಸರ್ವರು ಕುದುರೆಯಂತೆ ಓಡಿತು. ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ.

ಮಳೆಗಾಲದ ಒಂದು ಸಂಜೆ ನಮ್ಮ ತರಗತಿಯವರು ಗ್ರಾಮ ಸಮೀಕ್ಷೆಯ ಟಿಪ್ಪಣಿಗಳನ್ನು ಬೆರಳಚ್ಚು ಮಾಡುತ್ತಿದ್ದರು. ಗಂಟೆ ಹೊಡೆಯಿತು, ಎಲ್ಲರೂ ಉಳಿಸಿದರು, ಮರುಕ್ಷಣವೇ ವಿದ್ಯುತ್ತು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಹಳತಾಗಿದ್ದುದರಿಂದ ಸರ್ವರೂ ಆರಿತು. ತೆರೆಯ ಮೇಲೆ ‘ಉಳಿಸಲಾಗಿದೆ’ ಎಂಬುದನ್ನು ಕಣ್ಣಾರೆ ಕಂಡಿದ್ದ ಒಬ್ಬ ಸಹಪಾಠಿ, ಮುದುಕ ನೇಕಾರರೊಬ್ಬರ ಮಾತುಗಳನ್ನು ಗುರುತು ಹಾಕಿಕೊಂಡಿದ್ದ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿ ಮನೆಗೆ ಹೋದಳು. ಮರುದಿನ ನೋಡಿದರೆ ನಾಲ್ವರ ಬರಹ ಇರಲಿಲ್ಲ. ಮೂವರ ಬಳಿ ಟಿಪ್ಪಣಿಗಳಿದ್ದವು; ಆಕೆಯ ಬಳಿ ಇರಲಿಲ್ಲ. ಪಾಪ, ಮತ್ತೆ ಆ ಊರಿಗೆ ಹೋಗಿ ಬಂದಳು. ಅಜ್ಜ ಎರಡನೆಯ ಸಲ ಅಷ್ಟೆಲ್ಲ ಹೇಳಲಿಲ್ಲವಂತೆ.

ಸರ್ವರು ಕೆಟ್ಟಿರಲಿಲ್ಲ. ನಾನು ಅದಕ್ಕೆ ಸುಳ್ಳು ಹೇಳಲು ಕಲಿಸಿದ್ದೆ.

ಇದು ಹೇಗೆಂದು ತಿಳಿಯಬೇಕಾದರೆ ಅಂಗಡಿಯ ಲೆಕ್ಕವನ್ನು ನೆನೆದರೆ ಸಾಕು. ಮಂಡಿಯ ಗುಮಾಸ್ತ ವ್ಯವಹಾರ ನಡೆದೊಡನೆ ಕಿರ್ದಿಯಲ್ಲಿ ಒಂದು ಸಾಲು ಬರೆಯುತ್ತಾನೆ. ಬಿಡುವಾದಾಗ ಅದನ್ನು ಅವರವರ ಖಾತೆಗೆ ಏರಿಸುತ್ತಾನೆ. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು ಖಾತೆಯ ಪುಟ ಹುಡುಕುತ್ತ ಕೂರುವುದಿಲ್ಲ. ಆದರೆ ಕಿರ್ದಿಗೆ ಹತ್ತದ ಹಣಕ್ಕೆ ರಸೀದಿ ಕೊಡುವುದೂ ಇಲ್ಲ. ನಮ್ಮ ಸರ್ವರಿನಲ್ಲಿರುವ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆಯೂ ಹಾಗೆಯೇ. ಇದನ್ನು ಕಟ್ಟಿದವರು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು; 2005ರಲ್ಲಿ ಇದರ ಮೂಲ ಬರಹವನ್ನು ಎಲ್ಲರಿಗೂ ತೆರೆದಿಟ್ಟರು. ಬಂದ ಬರಹವನ್ನು ಇದು ಮೊದಲು ನೆನಪಿನಲ್ಲಿ ಕೂಡಿಸಿಕೊಂಡು, ಸುಮಾರು ಐದು ಸೆಕೆಂಡುಗಳಿಗೊಮ್ಮೆ ಒಟ್ಟಾಗಿ ಡಿಸ್ಕಿಗೆ ಏರಿಸುತ್ತದೆ. ‘ಈಗಲೇ ಖಚಿತಪಡಿಸು’ ಎಂದು ಕೇಳಿದವರಿಗೆ ಮಾತ್ರ ಬರಹವನ್ನು ಕಿರ್ದಿಯಂಥ ಒಂದು ಲಾಗಿನಲ್ಲಿ ಬರೆದು, ಆಮೇಲೆ ಆಯಿತೆನ್ನುತ್ತದೆ. ವಿದ್ಯುತ್ತು ಹೋಗಿ ಬಂದರೆ ಆ ಲಾಗನ್ನು ಓದಿ ಬಾಕಿಯನ್ನು ತುಂಬಿಕೊಳ್ಳುತ್ತದೆ. ನಾನು ನಿಲ್ಲಿಸಿದ್ದು ಈ ಲಾಗನ್ನೇ.

ಈ ನಿಯಮ ಯಾರದೋ ಹಠವಲ್ಲ. ಜಾಲದ ಮೂಲಕ ಕಡತಗಳನ್ನು ಹಂಚಿಕೊಳ್ಳುವ ಎನ್‌ಎಫ್‌ಎಸ್ ಪದ್ಧತಿಯ ಎರಡನೆಯ ಆವೃತ್ತಿಯ ವಿವರಣೆ 1989ರಲ್ಲಿ ಪ್ರಕಟವಾಯಿತು. ಬರಹವು ಅಳಿಯದ ಸ್ಥಳವನ್ನು ಸೇರುವ ಮುನ್ನ ಸರ್ವರು ಉತ್ತರ ಕೊಡಕೂಡದೆಂಬುದು ಅದರ ಕಟ್ಟಳೆ. 1995ರ ಮೂರನೆಯ ಆವೃತ್ತಿ ಸ್ವಲ್ಪ ಸಡಿಲ ಕೊಟ್ಟಿತಾದರೂ ‘ಖಚಿತಪಡಿಸು’ ಎಂಬ ಕೊನೆಯ ಕೋರಿಕೆಗೆ ನಿಜವನ್ನೇ ಹೇಳಬೇಕೆಂದಿತು. ಕಷ್ಟವಿರುವುದು ಡಿಸ್ಕಿನಲ್ಲಿ. ನಿಮಿಷಕ್ಕೆ 7200 ಸುತ್ತು ಸುತ್ತುವ ಡಿಸ್ಕಿಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಮುಳ್ಳು ಜಾಗಕ್ಕೆ ಸರಿಯುವ ಹೊತ್ತು ಬೇರೆ. ಅಲ್ಲೊಂದು ಇಲ್ಲೊಂದು ಚದುರಿದ ಬರಹವಾದರೆ ಸೆಕೆಂಡಿಗೆ ನೂರರ ಆಸುಪಾಸಿಗೆ ಅದರ ಶಕ್ತಿ ಮುಗಿಯಿತು. ಆದುದರಿಂದಲೇ ಲಾಗನ್ನು ಮಾತ್ರ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯ ಮೇಲೆ ಇಡುವ ಕ್ರಮ ಬಂದಿತು. ಸನ್ ಸಂಸ್ಥೆ 2008ರಲ್ಲಿ ಹೊರತಂದ 7000 ಶ್ರೇಣಿಯ ಸರ್ವರುಗಳಲ್ಲಿ ಇದಕ್ಕೆಂದೇ 18 ಗಿಗಾಬೈಟಿನ ಎಸ್‌ಎಸ್‌ಡಿ ಇದ್ದಿತು. ಈಗ ನಮ್ಮಲ್ಲಿ ಕೊಳ್ಳಬೇಕೆಂದಿರುವುದೂ ಇಂಥದೇ. ಕ್ರಮ ಸರಿಯಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ಭಿನ್ನಾಭಿಪ್ರಾಯ ಯಾವುದನ್ನು ಕೊಳ್ಳಬೇಕೆಂಬುದರಲ್ಲಿ.

ಒಂದು ಟೆರಾಬೈಟಿನ, ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಅತಿ ವೇಗದ ಎಸ್‌ಎಸ್‌ಡಿ ಇರಲಿ ಎಂಬ ಸಲಹೆ ಬಂದಿದೆ. ಇಷ್ಟು ದೊಡ್ಡದು ಏಕೆ? ನಮ್ಮ ಜಾಲದ ತಂತಿ ಸೆಕೆಂಡಿಗೆ ಒಂದು ಗಿಗಾಬಿಟ್, ಎಂದರೆ ಹೆಚ್ಚೆಂದರೆ 125 ಮೆಗಾಬೈಟು ಒಯ್ಯಬಲ್ಲದು. ಐದು ಸೆಕೆಂಡಿಗೆ 625 ಮೆಗಾಬೈಟು. ಅಂಥ ಮೂರು ಕಂತು ಒಟ್ಟಿಗೆ ನಿಂತರೂ ಎರಡು ಗಿಗಾಬೈಟು ತುಂಬುವುದಿಲ್ಲ. ಖಾತೆಗೆ ಏರಿದ ಸಾಲಿಗೆ ಕಿರ್ದಿಯಲ್ಲಿ ಮತ್ತೆ ಸ್ಥಳ ಬೇಡವಷ್ಟೆ. ಇನ್ನು, ಈ ಸಾಧನ ಬಂದರೆ ಎಲ್ಲ ಕೆಲಸವೂ ಚುರುಕಾಗುವುದೆಂಬುದೂ ಭ್ರಮೆ. ತತ್‌ಕ್ಷಣದ ಖಚಿತತೆಯನ್ನು ಕೇಳದ ಬರಹ ಲಾಗಿನ ಕಡೆಗೆ ಹೋಗುವುದೇ ಇಲ್ಲ. ಓದುವ ಕೆಲಸಕ್ಕಂತೂ ಇದರಿಂದ ಏನೂ ಉಪಯೋಗವಿಲ್ಲ.

ಅದಕ್ಕಿಂತ ಮುಖ್ಯವಾದುದು ಪ್ರಾಮಾಣಿಕತೆ. ಎಸ್‌ಎಸ್‌ಡಿಗೂ ತನ್ನದೇ ಒಂದು ಚಿಕ್ಕ ತಾತ್ಕಾಲಿಕ ಸ್ಮೃತಿ ಇರುವುದುಂಟು. ವಿದ್ಯುತ್ತು ಹೋದರೆ ಅದರಲ್ಲಿದ್ದುದೂ ಹೋಗುತ್ತದೆ. ಒಳ್ಳೆಯ ಲಾಗ್ ಸಾಧನದಲ್ಲಿ ಕೆಪಾಸಿಟರುಗಳಿರುತ್ತವೆ. ಅವು ಕೂಡಿಟ್ಟ ಅಲ್ಪ ವಿದ್ಯುತ್ತಿನಿಂದ, ಕೈಯಲ್ಲಿದ್ದುದನ್ನು ಶಾಶ್ವತ ಜಾಗಕ್ಕೆ ಮುಟ್ಟಿಸಿಯೇ ಸಾಧನ ಆರುತ್ತದೆ. ಕೆಪಾಸಿಟರಿಲ್ಲದ ಸಾಧನಕ್ಕೆ ಎರಡೇ ದಾರಿ: ಪ್ರತಿಯೊಂದು ಸಲವೂ ನಿಜವಾಗಿ ಬರೆದು ನಿಧಾನವಾಗುವುದು, ಇಲ್ಲವೆ ಬರೆಯದೆಯೇ ಬರೆದೆನೆಂದು ಹೇಳಿ ವೇಗ ತೋರಿಸುವುದು. ಮೊದಲನೆಯದಾದರೆ ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ನಮಗೆ ಸಿಗದು. ಎರಡನೆಯದಾದರೆ ಆಗಬಾರದ್ದು ಆಗುತ್ತದೆ. ಇದು ಬರಿಯ ಶಂಕೆಯಲ್ಲ. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯ ಮತ್ತು ಎಚ್‌ಪಿ ಪ್ರಯೋಗಾಲಯದ ಸಂಶೋಧಕರು 15 ಎಸ್‌ಎಸ್‌ಡಿಗಳ ವಿದ್ಯುತ್ತನ್ನು ಬೇಕೆಂದೇ ಮತ್ತೆ ಮತ್ತೆ ಕಡಿದು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿನೈದರಲ್ಲಿ 13 ಒಂದಲ್ಲ ಒಂದು ಬಗೆಯಲ್ಲಿ ತಪ್ಪಿದ್ದವು.

ಆಕ್ಷೇಪಗಳುಂಟು. ಹೋಗುವುದು ಐದು ಸೆಕೆಂಡಿನ ಬರಹ ತಾನೆ, ಅಷ್ಟಕ್ಕೆ ಇಷ್ಟು ಗಲಾಟೆಯೇಕೆ ಎನ್ನುವವರಿದ್ದಾರೆ. ಸೆಕೆಂಡು ಐದೇ ಇರಬಹುದು. ಆ ಐದರೊಳಗೆ ಉಳಿಸಿದ್ದು ಒಂದು ಸಂಜೆಯ ದುಡಿಮೆ. ನಷ್ಟವಾದರೂ ಸಹಿಸಬಹುದು. ನಷ್ಟವಾಗಿಲ್ಲವೆಂಬ ಭರವಸೆಯೇ ಆಕೆಯ ಕೈಯಿಂದ ಹಾಳೆಗಳನ್ನು ಹರಿಸಿತು. ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿಸಿದರೆ ಸಾಲದೆ ಎಂದು ಕೇಳಿದವರೂ ಉಂಟು. ಅವಶ್ಯವಾಗಿ ಹಾಕಿಸೋಣ. ಆದರೆ ಸರ್ವರಿನ ಒಳಗಿನ ವಿದ್ಯುತ್ ಪೆಟ್ಟಿಗೆ ಸುಟ್ಟರೆ, ತಂತ್ರಾಂಶವೇ ಕುಸಿದರೆ, ಕಸ ಗುಡಿಸುವಾಗ ತಂತಿ ಕಿತ್ತು ಬಂದರೆ ಯುಪಿಎಸ್ಸು ಏನು ಮಾಡೀತು?

ಹಣದ ಮಾತು ನಿಜ. ಸರ್ಕಾರಿ ಕಾಲೇಜಿನ ಕೈ ಯಾವಾಗಲೂ ಬಿಗಿ. ಅದಕ್ಕೆ ನನ್ನ ಉತ್ತರ ಇಷ್ಟೆ: ಚಿಕ್ಕದಾಗಲಿ, ಕೆಪಾಸಿಟರುಳ್ಳದ್ದನ್ನೇ ಕೊಳ್ಳೋಣ. ಅದೂ ಆಗದಿದ್ದರೆ ಏನನ್ನೂ ಕೊಳ್ಳದೆ, ಲಾಗು ಇಂದಿನಂತೆ ಡಿಸ್ಕುಗಳ ಮೇಲೆಯೇ ಇರಲಿ. ಆ ಘಟನೆಯಾದ ಮರುದಿನವೇ ನಿಯಮವನ್ನು ನಾನು ಮತ್ತೆ ಹಾಕಿದ್ದೇನೆ. ಸರ್ವರು ಮತ್ತೆ ನಿಧಾನವಾಗಿದೆ. ಕೆಲವರು ನನ್ನನ್ನು ಬೈಯುತ್ತಲೂ ಇದ್ದಾರೆ. ಬೈಯಲಿ. ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮೊದಲೇ ಉಳಿಸಲು ಹೊರಟರೆ ನಿಧಾನವಾದ ಸರ್ವರಿನಿಂದ ಯಾರಿಗೂ ಕೇಡಿಲ್ಲ.

ಖರೀದಿಯ ಹೊಣೆ ಹೊತ್ತ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ದರಪಟ್ಟಿ ತರಿಸುವಾಗ ವೇಗವೆಷ್ಟು, ಗಾತ್ರವೆಷ್ಟು ಎಂದು ಕೇಳುವುದಕ್ಕೆ ಮೊದಲು, ವಿದ್ಯುತ್ತು ಹಠಾತ್ತನೆ ಹೋದರೆ ಒಪ್ಪಿಕೊಂಡ ಬರಹವನ್ನು ಈ ಸಾಧನ ಕಾಪಾಡುವುದೆ ಎಂದು ಕೇಳತಕ್ಕದ್ದು. ಹೌದೆಂಬ ಉತ್ತರವನ್ನು ತಯಾರಕರ ವಿವರಣಾ ಪತ್ರದಲ್ಲಿಯೇ ನೋಡತಕ್ಕದ್ದು. ಈ ಎರಡು ಸಾಲು ನಮ್ಮ ಬೇಡಿಕೆ ಪಟ್ಟಿಗೆ ಸೇರಿದರೆ, ಮುಂದೆ ಬರುವ ವಿದ್ಯಾರ್ಥಿನಿಯೊಬ್ಬಳು ತೆರೆಯ ಮೇಲಿನ ‘ಉಳಿಸಲಾಗಿದೆ’ ಎಂಬ ಮಾತನ್ನು ನಂಬಿ ಮನೆಗೆ ಹೋಗಬಹುದು.