ತಂಗಿ ಮಗಳ ಓದು, ನಮ್ಮ ಬಾಯಿ

ಹೋದ ವಾರ ನಮ್ಮ ಮನ್ಯಾಗ ಕುಬಸ ಇತ್ತು. ಊಟಕ್ಕ ಕೂತಾಗ ಎಲ್ಲಾರೂ ಸೇರಿ ನನ್ನ ತಂಗಿ ಮಗಳಿಗೆ ಒಂದು ತೀರ್ಪು ಕೊಟ್ರಿ. "ಮೂವತ್ಮೂರು ವರ್ಷ ಆತು, ಮಗ ಸಾಲಿಗೆ ಹೊಂಟಾನ, ಕೈಯಾಗ ನೌಕರಿ ಅದ. ಈಗ ಮತ್ತ ಮೂರು ವರ್ಷ ಪುಸ್ತಕ ಹಿಡಕೊಂಡು ಕೂಡೋದ್ಯಾಕ?" ಅಕಿ ನಕ್ಕು ಸುಮ್ಮನಾದ್ಲು. ಬಂದ ಮಂದಿ ಮುಂದ ಜಗಳ ಬ್ಯಾಡ ಅಂತ ನಾನೂ ಸುಮ್ಮನಿದ್ದೆ. ಈಗ ಇಲ್ಲಿ ಬರೀತೀನಿ. ಸಿಟ್ಟು ಬಂದ್ರ ಬರಲಿ, ಆದ್ರ ಪೂರಾ ಓದಿದ ಮ್ಯಾಲೆ ಬರಲಿ.

ಮೊದಲು ನನ್ನ ತಪ್ಪು ಹೇಳ್ತೀನಿ. ಪಿಯುಸಿ ಆದ ಕೂಡಲೇ ಅಕಿ ಜಿ.ಎನ್.ಎಂ. ನರ್ಸಿಂಗ್ ಮಾಡ್ತೀನಿ ಅಂದಿದ್ಲು. ಬ್ಯಾಡ ಅಂದಾಕಿ ನಾನ. "ಎ.ಎನ್.ಎಂ. ಮಾಡು, ಲಗೂ ಮುಗೀತದ, ಆಮ್ಯಾಲೆ ಮದುವಿ ಮಾಡಬಹುದು. ಎರಡೂ ನರ್ಸೇ ಅಲ್ಲೇನು?" ಅಂದೆ. ತಂಗಿ ನನ್ನ ಮಾತು ಕೇಳಿದ್ಲು. ಮನಿಗೆ ಹಿರಿಯಾಕಿ ಅಂದ್ರ ಹಿಂಗ, ನಾವು ಅರ್ಧ ತಿಳದು ಹೇಳಿದ್ದನ್ನ ಇನ್ನೊಬ್ಬರು ಜನ್ಮಪೂರ್ತಿ ಹೊರಬೇಕಾಗ್ತದ.

ಎರಡೂ ಒಂದೇ ಅಲ್ಲ. ಎ.ಎನ್.ಎಂ. ಅನ್ನೋದು ಬಸುರಿ, ಬಾಣಂತಿ, ಕೂಸು, ಲಸಿಕಿ, ಮನಿಮನಿ ಭೇಟಿ, ಇವುಗಳ ಸಲುವಾಗಿ ಇರೋ ಓದು. ಬಯಲುಸೀಮಿಯೊಳಗ 5000 ಮಂದಿಗೆ ಒಂದು ಉಪಕೇಂದ್ರ, ಗುಡ್ಡಗಾಡಿನೊಳಗ 3000 ಮಂದಿಗೆ ಒಂದು. ಅಲ್ಲಿ ಕೆಲಸ ಮಾಡೋ ಅಕ್ಕಗೋಳು ಇರಲಿಲ್ಲ ಅಂದ್ರ ನಮ್ಮ ಎಷ್ಟೋ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಸೂಜಿ ಬೀಳ್ತಿದ್ದಿಲ್ಲ. ಅದೇನು ಸಣ್ಣ ಕೆಲಸ ಅಲ್ಲ. ಆದ್ರ ನಮ್ಮ ಹುಡುಗಿಗೆ ಆ ಕೆಲಸ ಸಿಗಲಿಲ್ಲ. ಅಕಿ ಸೇರಿದ್ದು ಖಾಸಗಿ ದವಾಖಾನಿಗೆ. ಅಲ್ಲಿ ಆಪರೇಷನ್ ಆದವರು, ಇನ್ಸುಲಿನ್ ತಗೊಳ್ಳೋರು, ಉಸಿರಿಗೆ ಮಷೀನ್ ಹಚ್ಚಿದವರು. ಇದನ್ನ ಮೂರು ವರ್ಷ ಕೂಡಿಸಿ ಕಲಿಸೋದು ಜಿ.ಎನ್.ಎಂ.ದಾಗ. ಅಕಿ ಕಲಿತದ್ದು ಬಾಜೂಕ ನಿಂತು ನೋಡಿ.

ನೋಡಿ ಕಲಿಯೋದು ಕಡಿಮಿ ಏನಲ್ಲ. ನಾನೂ ರೊಟ್ಟಿ ಬಡಿಯೋದು ನೋಡೇ ಕಲಿತೆ. ಆದ್ರ ಮದುವಿ ಆದ ಹೊಸದಾಗಿ ಒಂದಿನ ರೊಟ್ಟಿ ಎಲ್ಲಾ ಒಡದು ಚೂರಾದಾಗ ಯಾಕಂತ ತಿಳೀಲಿಲ್ಲ, ಅತ್ತೀನ ಹೇಳಬೇಕಾತು, ಹಿಟ್ಟು ಹಳೇದಾಗಿ ಜಿಗಿ ಹೋಗಿತ್ತು ಅಂತ. ರೊಟ್ಟಿ ಒಡದ್ರ ಎಮ್ಮಿಗೆ ಹಾಕಬಹುದು. ದವಾಖಾನ್ಯಾಗ ಏನು ಮಾಡ್ತೀರಿ?

ಮೂರು ವರ್ಷದ ಹಿಂದ ನಮ್ಮ ಅತ್ತಿ ಬಿದ್ದು ಚಪ್ಪಿ ಎಲುಬು ಮುರಕೊಂಡು ಅದೇ ದವಾಖಾನ್ಯಾಗ ಇದ್ರು. ಸಂಜಿಗೆ ಇನ್ಸುಲಿನ್ ಆಗಿತ್ತು, ಊಟ ಒಲ್ಲೆ ಅಂತ ಎರಡು ತುತ್ತಿಗೆ ಕೈ ತೊಳದಿದ್ರು. ರಾತ್ರಿ ಎರಡಕ್ಕ ಮೈಯೆಲ್ಲಾ ಬೆವರು, ಏನೇನೋ ಬಡಬಡಿಸ್ಲಿಕ್ಕೆ ಹತ್ತಿದ್ರು. ನಾನು ಕನಸು ಅಂತ ತಿಳದು ಚಾದರ ಹೊದಿಸಿದೆ. ಅವತ್ತು ಡ್ಯೂಟಿ ಮ್ಯಾಲೆ ಇದ್ದಾಕಿ ನನ್ನ ತಂಗಿ ಮಗಳು. ಬಂದಾಕಿನ ಬೆರಳಿಗೆ ಚುಚ್ಚಿ ಸಕ್ರಿ ನೋಡಿದ್ಲು, ಡಾಕ್ಟರನ್ನ ಎಬ್ಬಿಸಿದ್ಲು. ಸಲಾಯಿನ್‌ದಾಗ ಗ್ಲೂಕೋಸ್ ಹೋದ ಮ್ಯಾಲೆ ಅತ್ತಿ ಕಣ್ಣು ಬಿಟ್ಟು ನನ್ನ ಹೆಸರು ಹಿಡದು ಕರದ್ರು.

ಮುಂಜಾನೆ ನಾನು ಅಕಿ ಕೈ ಹಿಡಕೊಂಡು ಅತ್ತೆ. ಅಕಿ ಮಾರಿ ಸಪ್ಪಗ ಇತ್ತು. "ದೊಡ್ಡವ್ವಾ, ಇದು ಮೊದಲು ಒಂದೆರಡು ಸಲ ನೋಡಿದ್ದೆ ಅಂತ ತಿಳೀತು. ನೋಡದೇ ಇದ್ದದ್ದು ಏನರೆ ಆಗಿದ್ರ?" ಅಂದ್ಲು. ಕುಬಸದಾಗ ನೀವು ಕೇಳಿದ "ಯಾಕ"ಕ್ಕ ಉತ್ತರ ಇದು. ಪಗಾರ ಅಲ್ಲ, ಹೆಚ್ಚಿನ ಮಾನ ಅಲ್ಲ. ಅಕಿಗೆ ರಾತ್ರಿ ಅಂಜಿಕಿ ಬರ್ತದ, ಆ ಅಂಜಿಕಿ ಹೋಗಬೇಕು.

ಈಗ ನಿಮ್ಮ ಮಾತಿಗೆ ಬರ್ತೀನಿ. ವಯಸ್ಸಾತು ಅಂದ್ರಿ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಾಗ ಜಿ.ಎನ್.ಎಂ. ಸೇರಲಿಕ್ಕೆ ಉಳಿದವರಿಗೆ 35 ವರ್ಷದ ಗಡಿ ಅದ, ನೋಂದಣಿ ಆದ ಎ.ಎನ್.ಎಂ. ಹೆಣ್ಣುಮಕ್ಕಳಿಗೆ ಆ ಗಡಿ ಇಲ್ಲ. ನಿಯಮ ಮಾಡಿದವರಿಗೆ ತಡ ಅನ್ನಿಸಲಿಲ್ಲ, ನಮಗ ಅನ್ನಿಸ್ತು. 36ಕ್ಕ ಮುಗಿಸಿದ್ರ 60ರ ತನಕಾ ಇನ್ನೂ 24 ವರ್ಷ ದುಡೀತಾಳ. ಮುಂದ ಮನಸ್ಸಾದ್ರ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಬಾಗಿಲಾನೂ ತೆರೀತದ. ಎ.ಎನ್.ಎಂ. ಮ್ಯಾಲೆ ನಿಂತ್ರ ಆ ಬಾಗಿಲ ಇಲ್ಲ.

ರೊಕ್ಕ ಎಲ್ಲಿಂದ ಅಂದ್ರಿ. ಇದು ಖರೆ ಮಾತು. ಮೂರು ವರ್ಷ ಪಗಾರ ಇರಂಗಿಲ್ಲ, ಮ್ಯಾಲೆ ಫೀಸು. ಮನ್ಯಾಗ ಕೂತು ಪರೀಕ್ಷಾ ಕಟ್ಟೋ ಓದು ಇದಲ್ಲ, ದಿನಾ ಕ್ಲಾಸು, ದಿನಾ ವಾರ್ಡು. ಆದ್ರ ಕುಬಸದ ಊಟಕ್ಕ ಎಷ್ಟು ಖರ್ಚಾತು ಅಂತ ನೀವು ಯಾರೂ ಕೇಳಲಿಲ್ಲ, ನಾನೂ ಲೆಕ್ಕ ಇಡಲಿಲ್ಲ. ಮದುವಿಗೆ ಬಂಗಾರ ಅಡಾ ಇಡ್ತೀವಿ, ಓದಿಗೆ ಇಡು ಅಂದ್ರ ಕೈ ನಡಗ್ತಾವ.

ಎಲ್ಲಾರೂ ಮುಂದ ಓದಲೇಬೇಕು ಅಂತ ನಾನು ಹೇಳಂಗಿಲ್ಲ. ಸರಕಾರಿ ಕಾಯಂ ನೌಕರಿ ಇದ್ದವರು, ಹಳ್ಳಿ ಕೆಲಸಾನ ಪ್ರೀತಿ ಅನ್ನೋರು ಯಾಕ ಬಿಡಬೇಕು? "ಕ್ಲಾಸಿಗೆ ಬರೋದು ಬ್ಯಾಡ, ರೊಕ್ಕ ಕಟ್ರಿ ಸಾಕು" ಅನ್ನೋ ಕಾಲೇಜಿಗಂತೂ ಹೋಗಲೇಬಾರದು. ಅಲ್ಲಿಂದ ಬಂದ್ರ ಕಾಗದ ಇರ್ತದ, ಅಂಜಿಕಿ ಹಂಗ ಇರ್ತದ. ಪರಿಷತ್ತಿನ ಮಾನ್ಯತಾ ಅದನೋ ಇಲ್ಲೋ, ಕಲಿಯಲಿಕ್ಕೆ ರೋಗಿಗಳು ತುಂಬಿದ ದವಾಖಾನಿ ಅದನೋ ಇಲ್ಲೋ ನೋಡೇ ಸೇರಬೇಕು.

ಅಕಿ ಗಂಡ ಹೂಂ ಅಂದಾನ. ಬ್ಯಾಡ ಅಂದವರು ನಾವು ಹೆಣ್ಣುಮಕ್ಕಳು. ಅಕಿ ಅತ್ತಿ ಒಂದ ಪ್ರಶ್ನಿ ಕೇಳ್ಯಾಳ, "ರೊಟ್ಟಿ ಯಾರು ಬಡೀಬೇಕು, ಹುಡುಗನ್ನ ಯಾರು ನೋಡಬೇಕು?" ಅದರಾಗ ತಪ್ಪಿಲ್ಲ. ಎಪ್ಪತ್ತರ ಮುದುಕಿ ಮಂಡಿ ನೋವು ಇಟಗೊಂಡು ಎಷ್ಟು ಮಾಡ್ಯಾಳು? ಆದ್ರ ಅದು ಓದಿನ ಪ್ರಶ್ನಿ ಅಲ್ಲ, ರೊಟ್ಟಿ ಪ್ರಶ್ನಿ. ಅದಕ್ಕ ಉತ್ತರ ನಮ್ಮ ಕಡೆ ಅದ. ಖಡಕ್ ರೊಟ್ಟಿ ಹದಿನೈದು ದಿನ ಇರ್ತಾವ, ಓಣ್ಯಾಗ ರೊಟ್ಟಿ ಕೇಂದ್ರ ಅದ. ಬಾಯಿಲೆ ತೀರ್ಪು ಕೊಡೋ ಹೊತ್ತಿನ್ಯಾಗ ಒಂದು ಪಲ್ಯ ಆಗ್ತದ.

ಸೋಮವಾರ, ಮಂಗಳವಾರ, ಬುಧವಾರ ಹುಡುಗ ಸಾಲಿ ಬಿಟ್ಟ ಮ್ಯಾಲೆ ನನ್ನ ಕಡೆ ಬರ್ತಾನ. ಶುಕ್ರವಾರ, ಶನಿವಾರ ಅವನ ಅಜ್ಜಿ, ನನ್ನ ತಂಗಿ, ನೋಡ್ಕೋತಾಳ. ಗುರುವಾರ ಖಾಲಿ ಅದ. ಇದನ್ನ ಓದಿದವರೊಳಗ ಯಾರು ತಗೋತೀರಿ, ನನಗ ಫೋನ್ ಮಾಡ್ರಿ. ಅಕಿಗೆ ಮಾಡಬ್ಯಾಡ್ರಿ, ಅಕಿ ಅರ್ಜಿ ತುಂಬಲಿಕತ್ತಾಳ.