ಪ್ಲೇಟ್ ಹಾಕ್ಸಿದ್ರೆ ಸಾಕಾ? (ಕಬ್ಬಿನ ರೋಡು, ಭಾಗ 3)

ಮೊದಲ ಫೋಟೋ ನೋಡಿದ್ರಾ? ಟಿ. ನರಸೀಪುರ ಕಡೆಯಿಂದ ನಂಜನಗೂಡು ತಾಲ್ಲೂಕಿನ ಅಳಗಂಚಿ ಸಕ್ಕರೆ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್. ಎರಡನೇದು ನಮ್ಮಣ್ಣನ ಟ್ರೇಲರ್. ಲೋಡ್ ಹಾಕಿದ್ರೆ ಬಾಡಿ ಟೈರಿಗೆ ತಾಗೋ ಹಾಗೆ ಕೂತ್ಕೊಳ್ತಿತ್ತು. ಗ್ಯಾರೇಜಲ್ಲಿ ಎರಡೂ ಕಡೆ ಎರಡೆರಡು ಸ್ಪ್ರಿಂಗ್ ಪ್ಲೇಟ್ ಜಾಸ್ತಿ ಹಾಕ್ಸಿದ. ಟ್ರೇಲರ್ ಎದ್ದು ನಿಂತ್ಕೊಳ್ತು. "ಇನ್ನೊಂದಿಷ್ಟು ಕಬ್ಬು ಏರಿಸಬಹುದು ಬಿಡು" ಅಂದ.

ನನ್ನ ತಕರಾರು ಅಲ್ಲೇ ಶುರು.

ಒಂದಿನ ಇಳಿಜಾರಲ್ಲಿ ಹಸು ಅಡ್ಡ ಬಂತು. ನಾನು ಮಡ್‌ಗಾರ್ಡ್ ಮೇಲೆ ಕೂತಿದ್ದೆ (ಅದೂ ತಪ್ಪೇ, ಗೊತ್ತು). ಅಣ್ಣ ಬ್ರೇಕ್ ತುಳಿದ. ಟ್ರ್ಯಾಕ್ಟರ್ ನಿಲ್ಲೋಕೆ ನೋಡ್ತು, ಟ್ರೇಲರ್ ಕೇಳಲಿಲ್ಲ. ಹಿಂದಿನಿಂದ ತಳ್ಳಿ ನಮ್ಮನ್ನ ರೋಡಿಗೆ ಅಡ್ಡ ತಿರುಗಿಸಿಬಿಡ್ತು. ಎದುರಿಗೆ ಬಸ್ ಬರಲಿಲ್ಲ, ಅದಕ್ಕೇ ಇವತ್ತು ಇದನ್ನ ಬರೀತಿದ್ದೀನಿ.

ಪ್ಲೇಟ್ ದಂಡ ಅಂತ ನಾನು ಹೇಳ್ತಿಲ್ಲ. 10 ಪ್ಲೇಟ್ 12 ಆದ್ರೆ ಸ್ಪ್ರಿಂಗ್ ಸುಮಾರು 20% ಬಿಗಿ ಆಗುತ್ತೆ, ತಿರುವಲ್ಲಿ ವಾಲೋದು ಕಮ್ಮಿ ಆಗುತ್ತೆ. ಆದ್ರೆ ಬ್ರೇಕು, ಟೈರು, ಹುಕ್ಕು ಎಲ್ಲಾ ಹಳೇದೇ. ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರಲ್ಲ. ಮೇಲಾಗಿ, ಖಾಲಿ ವಾಪಸ್ ಬರುವಾಗ ಬಿಗಿ ಸ್ಪ್ರಿಂಗ್ ಗುಂಡಿಗುಂಡಿಗೂ ಎಗರುತ್ತೆ. ಗಾಳಿಯಲ್ಲಿರೋ ಚಕ್ರಕ್ಕೆ ಹಿಡಿತ ಎಲ್ಲಿಂದ?

ಎರಡು ಚಕ್ರದ ಟ್ರೇಲರಲ್ಲಿ ಭಾರ ಎಲ್ಲಿ ಕೂರುತ್ತೆ ಅನ್ನೋದೇ ಮುಖ್ಯ. ತೀರಾ ಮುಂದಕ್ಕೆ ಹೇರಿದ್ರೆ ಹುಕ್ಕು ತಗ್ಗಿ ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರ ಆಗುತ್ತೆ, ಸ್ಟೇರಿಂಗ್ ತಿರುಗಿಸಿದ್ರೂ ತಿರುಗಲ್ಲ. ತೀರಾ ಹಿಂದಕ್ಕೆ ಹೇರಿದ್ರೆ ಹುಕ್ಕು ಮೇಲಕ್ಕೆ ಎಳೆದು ಹಿಂದಿನ ಚಕ್ರದ ಹಿಡಿತ ಹೋಗುತ್ತೆ. ಅಮೆರಿಕದಲ್ಲಿ ಕಾರಿಗೆ ಮನೆ ಥರದ ಟ್ರೇಲರ್ ಕಟ್ಟಿ ಊರೂರು ಸುತ್ತೋರೂ ಇದೇ ಲೆಕ್ಕ ಹಾಕ್ತಾರೆ: ಒಟ್ಟು ತೂಕದ 10ರಿಂದ 15% ಹುಕ್ಕಿನ ಮೇಲಿರಬೇಕು. ಆ ಲೆಕ್ಕ ತಪ್ಪಿದ್ರೆ ಎಂಥಾ ಸಸ್ಪೆನ್ಷನ್ ಹಾಕ್ಸಿದ್ರೂ ಟ್ರೇಲರ್ ಬಾಲ ಅಲ್ಲಾಡಿಸುತ್ತೆ.

ಬಾಡಿಗೆ ಟನ್ ಲೆಕ್ಕದಲ್ಲಿ ಕೊಡುವಾಗ ಜಾಸ್ತಿ ಹೇರಬೇಡ ಅನ್ನೋದು ಸುಲಭ, ಕಂತು ಕಟ್ಟೋನಿಗೆ ಗೊತ್ತು ಕಷ್ಟ. ಒಪ್ತೀನಿ. ಆದ್ರೆ ಪ್ಲೇಟಿಗೆ ಹಾಕೋ ದುಡ್ಡನ್ನ ಮೊದಲು ಬ್ರೇಕಿಗೆ, ಟೈರಿಗೆ, ಹಿಂದಿನ ಲೈಟಿಗೆ ಹಾಕಿ. ಪ್ಲೇಟ್ ಆಮೇಲೆ, ಅದೂ ಇರೋ ಲೋಡನ್ನ ಸರಿಯಾಗಿ ಹೊರೋಕೆ, ಹೊಸ ಲೋಡ್ ಏರಿಸೋಕಲ್ಲ.

ಕಾಸಿಲ್ಲದ ಕೆಲಸನೂ ಇದೆ. ಟ್ರ್ಯಾಕ್ಟರಿಗೆ ಎಡ-ಬಲ ಅಂತ ಎರಡು ಬ್ರೇಕ್ ಪೆಡಲ್ ಇರುತ್ತೆ. ಹೊಲದಲ್ಲಿ ಬಿಡಿಬಿಡಿ, ರೋಡಿಗೆ ಬಂದಾಗ ಎರಡನ್ನೂ ಜೋಡಿಸೋ ಕೊಂಡಿ ಹಾಕಲೇಬೇಕು. ಒಂದೇ ಕಡೆ ಬ್ರೇಕ್ ಬಿದ್ರೆ ಟ್ರ್ಯಾಕ್ಟರ್ ಆ ಕಡೆಗೆ ಎಳ್ಕೊಂಡು ಹೋಗುತ್ತೆ. ವೇಗ 20ರಿಂದ 40ಕ್ಕೆ ಏರಿಸಿದ್ರೆ ಬ್ರೇಕ್ ಮೇಲಿನ ಹೊರೆ ನಾಲ್ಕು ಪಟ್ಟು ಅನ್ನೋದೂ ನೆನಪಿರಲಿ.

ಇವತ್ತು ಮನೆಗೆ ಹೋಗಿ ಅಪ್ಪಾಜಿ ಹತ್ರನೋ ಅಣ್ಣನ ಹತ್ರನೋ ಒಂದೇ ಪ್ರಶ್ನೆ ಕೇಳಿ: "ಪೆಡಲ್ ಕೊಂಡಿ ಹಾಕಿದ್ದೀಯಾ?" ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ. ನಮ್ಮಣ್ಣ ಈಗ ಹಾಕ್ತಾನೆ.

#ಕಬ್ಬಿನರೋಡು #ನಂಜನಗೂಡು #ಟಿನರಸೀಪುರ