ಎಲ್ಲವೂ ಕೆಂಪಾದರೆ...

ಕಾರ್ಖಾನೆಯ ಮಾನಿಟರಿಂಗ್ ಸಾಫ್ಟ್‌ವೇರ್‌ನಲ್ಲಿ ಅಲಾರಂ ಬೋರ್ಡ್ ಮಾಡಿಕೊಡಿ ಅಂದರೆ ಬಹಳಷ್ಟು ಇಂಜಿನಿಯರುಗಳು ಮಾಡೋದೇನು? ಇರೋಬರೋ ಸೆನ್ಸರ್‌ಗಳನ್ನೆಲ್ಲ ತಂದು ಪರದೆಗೆ ಸುರಿಯೋದು. ಏನೂ ಬಿಟ್ಟಿಲ್ಲವಲ್ಲ ಅಂತ ಗಿರಾಕಿಗೂ ಖುಷಿ! ನನಗಂತೂ ಇದು ಅಪಾಯ ಅನ್ನಿಸುತ್ತೆ.

ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ 1994ರ ಜುಲೈ 24ರಂದು ಸ್ಫೋಟವಾಯಿತು. ಅದಕ್ಕೆ ಮುಂಚಿನ ಕೊನೆಯ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ ಬಂದ ಅಲಾರಂಗಳು 275! ಯಾವುದನ್ನು ಓದೋದು, ಯಾವುದಕ್ಕೆ ಓಡೋದು? ಮಾಮೂಲಿ ದಿನದಲ್ಲಿ ಒಬ್ಬ ಆಪರೇಟರ್‌ಗೆ ಸರಾಸರಿ 10 ನಿಮಿಷಕ್ಕೆ ಒಂದು ಅಲಾರಂ ಸಾಕು ಅನ್ನುತ್ತೆ, 1999ರಲ್ಲಿ ಮೊದಲು ಬಂದ ಇಇಎಂಯುಎ 191 ಮಾರ್ಗಸೂಚಿ.

ನನ್ನ ವಾದ ಇಷ್ಟೇ. ನೋಡಿದವರು ಆಗಲೇ ಮಾಡಬೇಕಾದ ಕೆಲಸ ಇದ್ದರೆ ಮಾತ್ರ ಅದು ಅಲಾರಂ. ಉಳಿದದ್ದೆಲ್ಲ ಲಾಗ್‌ಗೆ ಹೋಗಲಿ. ರಿಪೇರಿಗೆ ಅಂತ ನಿಲ್ಲಿಸಿದ ಪಂಪು ದಿನವಿಡೀ ಕೆಂಪಗೆ ಮಿನುಗೋದು ಬೇಡ. ದಿನಾ ಮಿನುಗೋ ಕೆಂಪು ದೀಪವನ್ನ ಯಾರೂ ನೋಡೋದಿಲ್ಲ.

ಇನ್ನೊಂದು ಮಾತು. ನಮ್ಮೂರ ಕಾರ್ಖಾನೆಯಾದರೆ ಬೋರ್ಡ್ ಮೇಲೆ 'ಪಿಟಿ-204 ಹೈ' ಅನ್ನೋ ಬದಲು 'ಬಾಯ್ಲರ್ ಒತ್ತಡ ಜಾಸ್ತಿಯಾಗಿದೆ, ಉರಿ ತಗ್ಗಿಸಿ' ಅಂತ ಕನ್ನಡದಲ್ಲೇ ಬರಲಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಕೂತವರಿಗೆ ಅರ್ಥವಾಗಬೇಕು ತಾನೇ? ಯೂನಿಕೋಡ್ ಇರೋದು ಬರೀ ನಮ್ಮ ಬ್ಲಾಗುಗಳಿಗಾ?

ಏನಂತೀರಿ?